ಹೊಗಳಿ ಹೂತಿಟ್ಟ ವಾಸ್ತುಶಿಲ್ಪಿ

ಚಾರ್ಲ್ಸ್ ಕೊರಿಯಾ 2015ರ ಜೂನ್ 16ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಸ್ವತಂತ್ರ ಭಾರತದ ಅತಿ ದೊಡ್ಡ ವಾಸ್ತುಶಿಲ್ಪಿಗಳಲ್ಲಿ ಒಬ್ಬರೆಂದು ಕೊಂಡಾಡಿದವು. ಬದುಕಿದ್ದಾಗಲೂ ಅವರಿಗೆ ಸನ್ಮಾನಗಳ ಕೊರತೆಯಿರಲಿಲ್ಲ. 1972ರಲ್ಲಿ ಪದ್ಮಶ್ರೀ, 1984ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ರಾಯಲ್ ಇನ್‌ಸ್ಟಿಟ್ಯೂಟಿನ ಚಿನ್ನದ ಪದಕ, 2006ರಲ್ಲಿ ಪದ್ಮವಿಭೂಷಣ. ನನ್ನ ತಕರಾರು ಇರುವುದು ಈ ಹೊಗಳಿಕೆಯ ಮೇಲೆಯೇ. ಒಬ್ಬರ ಮಾತಿಗೆ ಕಿವಿಗೊಡದೆ ತಪ್ಪಿಸಿಕೊಳ್ಳಲು ನಮ್ಮಲ್ಲಿರುವ ಅತ್ಯಂತ ಸಭ್ಯ ಉಪಾಯವೆಂದರೆ ಅವರಿಗೊಂದು ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು ವೇದಿಕೆಯಿಂದ ಇಳಿಸಿಬಿಡುವುದು. ಕೊರಿಯಾ ಅವರ ವಿಷಯದಲ್ಲಿ ಸರಕಾರಗಳೂ ನಾವು ವಿದ್ಯಾವಂತ ನಗರವಾಸಿಗಳೂ ಸೇರಿ ಮಾಡಿದ್ದು ಇದನ್ನೇ. ಅವರ ಕಟ್ಟಡಗಳನ್ನು ಕಲೆಯೆಂದು ಹೊಗಳಿದೆವು. ನಗರಗಳ ಬಗ್ಗೆ ಅವರು ಐವತ್ತು ವರ್ಷ ಹೇಳುತ್ತ ಬಂದದ್ದನ್ನು ಕನಸುಗಾರನ ಕನವರಿಕೆಯೆಂದು ಬದಿಗಿಟ್ಟೆವು.

ಈ ಎರಡೂ ಬೇರೆಬೇರೆ ಕಸುಬುಗಳಲ್ಲ ಎಂಬುದು ನನ್ನ ವಾದ. ಗಾಳಿ, ನೆರಳು, ನೆಲ, ಆಕಾಶ ಇವುಗಳಲ್ಲಿ ಯಾರಿಗೆ ಎಷ್ಟು ಪಾಲು ಸಲ್ಲಬೇಕು ಎಂಬ ಒಂದೇ ಪ್ರಶ್ನೆಯನ್ನು ಅವರು ಮನೆಯ ಅಳತೆಯಲ್ಲೂ ಮಹಾನಗರದ ಅಳತೆಯಲ್ಲೂ ಕೇಳಿದರು. ಮನೆಯ ಉತ್ತರ ನಮಗೆ ಹಿಡಿಸಿತು. ನಗರದ ಉತ್ತರಕ್ಕೆ ಭೂಮಿಯ ಲೆಕ್ಕ ಒಪ್ಪಿಸಬೇಕಾಗಿದ್ದರಿಂದ ಹಿಡಿಸಲಿಲ್ಲ. (ಕನ್ನಡದಲ್ಲಿ 'ವಾಸ್ತು' ಎಂಬ ಶಬ್ದಕ್ಕೆ ಈಗ ಉಳಿದಿರುವ ಅರ್ಥ ಅಡುಗೆಮನೆ ಯಾವ ಮೂಲೆಯಲ್ಲಿರಬೇಕು ಎಂಬುದಷ್ಟೇ. ಆದುದರಿಂದ ವಾಸ್ತುಶಿಲ್ಪಿಯೊಬ್ಬ ಊರಿನ ನೆಲದ ಹಂಚಿಕೆಯ ಬಗ್ಗೆ ಮಾತಾಡಿದರೆ ನಮಗೆ ಅಧಿಕಪ್ರಸಂಗದಂತೆ ಕೇಳಿಸುವುದು ಸಹಜವೇ.)

ಮೊದಲು ಮನೆಯ ಅಳತೆ. 1930ರಲ್ಲಿ ಸಿಕಂದರಾಬಾದಿನ ಗೋವಾ ಮೂಲದ ಕುಟುಂಬವೊಂದರಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, 1958ರಲ್ಲಿ ಮುಂಬಯಿಯಲ್ಲಿ ವೃತ್ತಿ ಆರಂಭಿಸಿದ ಕೊರಿಯಾ ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಸಾಬರಮತಿ ಆಶ್ರಮದ ಗಾಂಧಿ ಸ್ಮಾರಕ ಸಂಗ್ರಹಾಲಯ. 1963ರಲ್ಲಿ ನೆಹರೂ ಉದ್ಘಾಟಿಸಿದ ಆ ಕಟ್ಟಡದಲ್ಲಿ ಇರುವುದು ಆರಾರು ಮೀಟರಿನ ಚೌಕಗಳು, ಇಟ್ಟಿಗೆಯ ಕಂಬಗಳು, ಹೆಂಚಿನ ಮಾಡು, ಕಲ್ಲಿನ ನೆಲ, ನಡುವೆ ನೀರಿನ ಅಂಗಳ. ಕಿಟಕಿಗಳಿಗೆ ಗಾಜೇ ಇಲ್ಲ. ತೆರೆದು ಮುಚ್ಚಬಹುದಾದ ಮರದ ಪಟ್ಟಿಗಳು. ಅಹಮದಾಬಾದಿನ ಬೇಸಗೆ ಎಂಥದೆಂದು ಬಲ್ಲವರಿಗೆ ಇದರ ಧೈರ್ಯ ಅರ್ಥವಾಗುತ್ತದೆ.

ಅದೇ ಊರಿನಲ್ಲಿ 1961-62ರ ಸುಮಾರಿಗೆ ಅವರು ಕಟ್ಟಿದ 'ಟ್ಯೂಬ್ ಹೌಸ್' ಇನ್ನೂ ಮುಖ್ಯವಾದುದು. ಗುಜರಾತಿನ ವಸತಿ ಮಂಡಳಿ ಅಗ್ಗದ ಮನೆಗಳಿಗಾಗಿ ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸವದು. ಅಗಲ ಮೂರೂವರೆ ಮೀಟರಿಗಿಂತ ತುಸು ಹೆಚ್ಚು, ಉದ್ದ ಹದಿನೆಂಟು ಮೀಟರು, ಕೊಳವೆಯಂಥ ಮನೆ. ಬಾಗಿಲ ಬಳಿಯ ಪಟ್ಟಿಗಳನ್ನು ಬೇಕಾದಷ್ಟು ತೆರೆದುಕೊಂಡರೆ ಹೊರಗಿನ ಗಾಳಿ ಒಳಗೆ ಬರುತ್ತದೆ, ಬಿಸಿಯಾದ ಗಾಳಿ ಇಳಿಜಾರು ಮಾಡಿನ ಒಳಮೈಗುಂಟ ಮೇಲೇರಿ ನೆತ್ತಿಯ ಕಿಂಡಿಯಿಂದ ಹೊರಗೆ ಹೋಗುತ್ತದೆ. ಹೋದದ್ದರ ಜಾಗಕ್ಕೆ ಹೊಸ ಗಾಳಿ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ತಿಂಗಳ ಬಿಲ್ಲಿಲ್ಲ. ಹಳೆಯ ಮನೆಗಳಲ್ಲಿ ಬೆಳೆದ ನಮಗೆ ಬೆಳಕಿಂಡಿ, ಗವಾಕ್ಷಿ, ತೊಟ್ಟಿ ಹೊಸದೇನಲ್ಲ. ಕೊರಿಯಾ ಮಾಡಿದ್ದು ಆ ತಿಳಿವಳಿಕೆಯನ್ನು ಸಾಹುಕಾರನ ಮನೆಯಿಂದ ಬಿಡಿಸಿ ಬಡವನ ಮೂರೂವರೆ ಮೀಟರಿಗೆ ಇಳಿಸಿದ್ದು. ಆ ಮನೆ ಈಗ ಇಲ್ಲ. 1995ರಲ್ಲಿ ಕೆಡವಿದರು.

ಮುಂಬಯಿಯ ಕಂಬಾಲಾ ಹಿಲ್‌ನಲ್ಲಿ 1983ರಲ್ಲಿ ಮುಗಿದ ಕಾಂಚನಜುಂಗಾ ಮಾತ್ರ ಇದೆ, ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಮುಂಬಯಿಯಲ್ಲಿ ಸಮುದ್ರದ ತಂಗಾಳಿ ಬೀಸುವುದು ಪಶ್ಚಿಮದಿಂದ. ನೋಡಲು ಕಡಲಿರುವುದೂ ಆ ಕಡೆಗೇ. ಸಂಜೆಯ ಸುಡುಬಿಸಿಲೂ ಆಷಾಢದ ಬೀಸುಮಳೆಯೂ ಬರುವುದು ಅದೇ ದಿಕ್ಕಿನಿಂದ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಬಂಗಲೆಗಳು ಇದಕ್ಕೆ ಕಂಡುಕೊಂಡ ಪರಿಹಾರ ಮನೆಯ ಸುತ್ತಲಿನ ಜಗಲಿ. ಕೊರಿಯಾ ಆ ಜಗಲಿಯನ್ನೇ ಎರಡಂತಸ್ತಿನ ಎತ್ತರದ ತೋಟವಾಗಿ ಗೋಪುರದ ಮೂಲೆಗಳಲ್ಲಿ ಕೊರೆದಿಟ್ಟರು. ಸೊಗಸಾದ ಉತ್ತರ. ಆದರೆ ಅದು ಸಿರಿವಂತರ ಫ್ಲ್ಯಾಟುಗಳಿಗೆ ಸಿಕ್ಕ ಉತ್ತರ. ಬಡವರಿಗಾಗಿ ಕಟ್ಟಿದ್ದನ್ನು ಕೆಡವಿ, ಸಿರಿವಂತರಿಗಾಗಿ ಕಟ್ಟಿದ್ದರ ಚಿತ್ರ ಹಾಕಿಕೊಂಡು 'ಸುಸ್ಥಿರ ವಾಸ್ತುಶಿಲ್ಪದ ಹರಿಕಾರ' ಎಂದು ಬರೆಯುವವರು ಇದನ್ನೊಮ್ಮೆ ಯೋಚಿಸಬೇಕು.

ಈಗ 'ಸುಸ್ಥಿರ' ಎಂಬ ಶಬ್ದಕ್ಕೆ ಏನಾಗಿದೆ ನೋಡಿ. ಅದು ಗೋಡೆಗೆ ತೂಗುಹಾಕುವ ಫಲಕವಾಗಿದೆ. ಅಮೆರಿಕದ ಮಾದರಿಯ ಪ್ಲಾಟಿನಂ ಇದೆ, ನಮ್ಮದೇ 'ಗೃಹ' ಪದ್ಧತಿಯ ಐದು ನಕ್ಷತ್ರಗಳಿವೆ. ಅಳೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಲೆಕ್ಕವಿಲ್ಲದ ಒಳ್ಳೆಯತನವನ್ನು ಸರಕಾರಿ ನೌಕರನಾದ ನಾನು ನಂಬುವವನಲ್ಲ. ಆದರೆ ಅಳೆಯುತ್ತಿರುವುದು ಏನನ್ನು? ಪಶ್ಚಿಮದ ಬಿಸಿಲಿಗೆ ಅಡಿಯಿಂದ ಮುಡಿಯವರೆಗೆ ಗಾಜು ಹೊದಿಸಿ, ಒಳಗೆ ಸಿಕ್ಕಿಬಿದ್ದ ಶಾಖವನ್ನು ಹೊರದಬ್ಬಲು ಹವಾನಿಯಂತ್ರಕ ಕೂರಿಸಿ, ಅದು ತುಸು ಕಡಿಮೆ ವಿದ್ಯುತ್ ಕುಡಿಯುವ ಜಾತಿಯದು ಎಂಬುದಕ್ಕೆ ಅಂಕ. ಬೇನೆಯನ್ನು ನಾವೇ ತಂದುಕೊಂಡು ಔಷಧದ ರಿಯಾಯಿತಿಗೆ ಬಹುಮಾನ ಪಡೆದಂತೆ. ಹಲವು ರಾಜ್ಯಗಳಲ್ಲಿ ಈ ಫಲಕವಿದ್ದರೆ ಕಟ್ಟಡದ ವಿಸ್ತೀರ್ಣವನ್ನು ಹೆಚ್ಚಿಸಿಕೊಳ್ಳಲು ಅನುಮತಿಯೂ ಸಿಗುತ್ತದೆ. ಹೊರದಬ್ಬಿದ ಆ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಮಾತ್ರ ಯಾವ ಅಂಕವೂ ಇಲ್ಲ. ಅದು ಹೋಗುವುದು ಬೀದಿಗೆ, ಬಸ್ಸಿಗಾಗಿ ಕಾಯುವವನ ಮೈಮೇಲೆ.

ನಾನು ದಿನವೂ ಎಂಟು ಗಂಟೆ ಕೂರುವ ಕಚೇರಿಯ ಕಿಟಕಿಗಳನ್ನು ತೆರೆಯಲು ಬರುವುದಿಲ್ಲ. ಹಗಲು ಹನ್ನೆರಡಕ್ಕೆ ಪರದೆ ಎಳೆದು ದೀಪ ಹಾಕಿಕೊಳ್ಳುತ್ತೇವೆ. ವಿದ್ಯುತ್ ಹೋದರೆ ಕಡತ ಬಿಟ್ಟು ಮೆಟ್ಟಿಲ ಮೇಲೆ ಕೂರುತ್ತೇವೆ. ಹೈದರಾಬಾದಿನ ಓದುಗರು ತಮ್ಮೂರಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನ ಆಡಳಿತ ಕಚೇರಿಯನ್ನು ಬಲ್ಲರು. ಕೇಂದ್ರ ಸರಕಾರದ್ದೇ ಉದ್ಯಮ. ಕೊರಿಯಾ ಅರವತ್ತರ ದಶಕದಲ್ಲೇ ಆ ಕಟ್ಟಡದ ಆಕಾರದಿಂದಲೇ ನೆರಳನ್ನೂ ತಂಪನ್ನೂ ಹುಟ್ಟಿಸಲು ನೋಡಿದ್ದರು. ಅಂದರೆ ಸರಕಾರಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು, ಮರೆಯಿತು. ಕೊರಿಯಾ ಕೂಡ ಎಲ್ಲ ಕಡೆಯೂ ಗಾಜಿನ ಮೋಹವನ್ನು ಗೆದ್ದವರಲ್ಲವೆಂಬುದನ್ನು ದಿಲ್ಲಿಯ ಕನಾಟ್ ಪ್ಲೇಸಿನ ಜೀವನ ಭಾರತಿ ಕಟ್ಟಡ ನೋಡಿದವರು ಹೇಳಬಹುದು. ಹೇಳಲಿ. ಅವರ ತತ್ತ್ವವನ್ನು ಅವರ ಕಟ್ಟಡಕ್ಕೂ ಒಡ್ಡಿ ನೋಡುವುದೇ ಅವರಿಗೆ ಸಲ್ಲುವ ಗೌರವ.

ಇನ್ನು ನಗರದ ಅಳತೆ. ಮುಂಬಯಿ ಉತ್ತರ-ದಕ್ಷಿಣವಾಗಿ ಚಾಚಿದ ಒಂದು ಕಿರುದ್ವೀಪ. ಕೆಲಸಗಳೆಲ್ಲ ದಕ್ಷಿಣದ ತುದಿಯಲ್ಲಿ, ಮನೆಗಳು ಉತ್ತರಕ್ಕೆ. ಬೆಳಗ್ಗೆ ಇಡೀ ನಗರ ಒಂದು ದಿಕ್ಕಿಗೆ, ಸಂಜೆ ಇನ್ನೊಂದು ದಿಕ್ಕಿಗೆ. ಚಿತ್ತಾಲರ, ಜಯಂತ ಕಾಯ್ಕಿಣಿಯವರ ಕಥೆಗಳ ಮೂಲಕ ಈ ಊರನ್ನು ಮೊದಲು ಕಂಡ ಕನ್ನಡಿಗರಿಗೆ ಆ ಲೋಕಲ್ ರೈಲು ಚೆನ್ನಾಗಿ ಗೊತ್ತು. ಈ ನೂಕುನುಗ್ಗಲು ವಿಧಿಯಲ್ಲ, ನಗರದ ಆಕಾರದ ದೋಷ ಎಂದು 1960ರ ದಶಕದ ನಡುವಿನಲ್ಲಿ ಮೂವರು ಹೇಳಿದರು: ಕೊರಿಯಾ, ವಾಸ್ತುಶಿಲ್ಪಿ ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ ಪಟೇಲ್. ಕೊಲ್ಲಿಯಾಚೆಯ ಮುಖ್ಯಭೂಮಿಯಲ್ಲಿ ಹೊಸ ನಗರ ಕಟ್ಟಿ, ಕೆಲಸಗಳನ್ನೇ ಅತ್ತ ಸರಿಸಬೇಕೆಂಬ ಅವರ ಪ್ರಸ್ತಾವ 1965ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಬಂತು. ಯಾರೂ ಅವರನ್ನು ಕೇಳಿರಲಿಲ್ಲ, ಯಾರೂ ದುಡ್ಡು ಕೊಟ್ಟಿರಲಿಲ್ಲ. ನಾಗರಿಕರಾಗಿ ಬರೆದರು. ಯೋಜನೆಯ ತಿರುಳು ಇಷ್ಟು: ಸರಕಾರ ಭೂಮಿಯನ್ನು ಒಟ್ಟಿಗೆ ಕೊಳ್ಳಲಿ, ರಸ್ತೆ, ರೈಲು, ಕಚೇರಿ ಬಂದಂತೆ ನೆಲದ ಬೆಲೆ ಏರುತ್ತದೆ, ಆ ಏರಿಕೆ ದಲ್ಲಾಳಿಯ ಜೇಬಿಗೆ ಹೋಗದೆ ನೀರಿಗೆ, ಚರಂಡಿಗೆ, ಬಡವರ ಮನೆಗೆ ಹೋಗಲಿ.

1970ರಲ್ಲಿ ಸಿಡ್ಕೊ ಹುಟ್ಟಿತು, ಕೊರಿಯಾ ಕೆಲವು ವರ್ಷ ಅದರ ಮುಖ್ಯ ವಾಸ್ತುಶಿಲ್ಪಿಯಾದರು, 344 ಚದರ ಕಿಲೋಮೀಟರಿನ ನವಿ ಮುಂಬಯಿ ನಕ್ಷೆಯ ಮೇಲೆ ಮೂಡಿತು. ನೋಡಿ, ಸರಕಾರ ಒಪ್ಪಿತು ಎನ್ನುತ್ತೀರಾ? ಅದೇ ಸರಕಾರ ಅದೇ ದಶಕದಲ್ಲಿ ದಕ್ಷಿಣದ ತುದಿಯಲ್ಲಿ ಸಮುದ್ರ ತುಂಬಿ ನರೀಮನ್ ಪಾಯಿಂಟನ್ನು ಬೆಳೆಸಿತು. ರಾಜ್ಯದ ಆಡಳಿತವೇ ಮೊದಲು ಕೊಲ್ಲಿ ದಾಟಿ ಬರಬೇಕು, ಉಳಿದ ಕಚೇರಿಗಳು ಹಿಂಬಾಲಿಸುತ್ತವೆ ಎಂಬುದು ಪ್ರಸ್ತಾವದ ಜೀವ. ಹೊಸ ವಿಧಾನ ಭವನ 1981ರಲ್ಲಿ ಉದ್ಘಾಟನೆಯಾದದ್ದು ನರೀಮನ್ ಪಾಯಿಂಟಿನಲ್ಲಿ. ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ, ಸಿಡ್ಕೊ ಹುಟ್ಟಿ ಇಪ್ಪತ್ತೆರಡು ವರ್ಷಗಳ ಮೇಲೆ. ರೈಲಿಲ್ಲದ, ಕೆಲಸವಿಲ್ಲದ ಊರಿಗೆ ಯಾರು ಹೋಗುತ್ತಾರೆ? ಹೀಗೆ ಕೈಕಾಲು ಕಟ್ಟಿ ನೀರಿಗೆ ಬಿಟ್ಟು, ಆಮೇಲೆ 'ಕೊರಿಯಾರ ಯೋಜನೆ ಸೋತಿತು, ಈಜಲು ಬರಲಿಲ್ಲ' ಎಂದರು. ಇಂದೂ ವಿಚಾರ ಸಂಕಿರಣಗಳಲ್ಲಿ ಈ ಮಾತು ಕೇಳುತ್ತೇನೆ. ನಾನು ವಾಶಿಯಲ್ಲಿ ವಾಸಿಸಿ ದಕ್ಷಿಣ ಮುಂಬಯಿಯ ಕಚೇರಿಗೆ ಹಾರ್ಬರ್ ಲೈನಿನಲ್ಲಿ ಹೋಗಿಬರುವವನು. ಸೋತದ್ದು ಯೋಜನೆಯೋ, ಅದನ್ನು ಅರ್ಧ ನಡೆಸಿ ಕೈಬಿಟ್ಟವರೋ ಎಂಬುದು ನನ್ನ ಮಟ್ಟಿಗೆ ಪುಸ್ತಕದ ಪ್ರಶ್ನೆಯಲ್ಲ.

ಯೋಜನೆಯಲ್ಲೇ ಇದ್ದ ಒಂದು ಕುರುಡನ್ನು ಮಾತ್ರ ಮುಚ್ಚಿಡಲಾರೆ. 'ಸರಕಾರ ಭೂಮಿ ಕೊಳ್ಳಲಿ' ಎಂದು ನಕ್ಷೆಯ ಮೇಲೆ ಬರೆಯುವುದು ಸುಲಭ. ಆ ನೆಲ ಆಗ್ರಿ, ಕೋಳಿ ಸಮುದಾಯಗಳ ಗದ್ದೆ, ಉಪ್ಪಿನ ಪಾತಿ, ಮೀನುಗಾರಿಕೆಯ ದಡ. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ನೇತೃತ್ವದ ಚಳವಳಿಯ ಮೇಲೆ ಉರಣ ಭಾಗದಲ್ಲಿ ಪೊಲೀಸರು ಗುಂಡು ಹಾರಿಸಿ ಐವರು ಸತ್ತ ಮೇಲೆಯೇ, ಅಭಿವೃದ್ಧಿಯಾದ ಭೂಮಿಯ ಹನ್ನೆರಡೂವರೆ ಶೇಕಡಾ ಪಾಲು ರೈತರಿಗೆ ಎಂಬ ತತ್ತ್ವ ಬಂದದ್ದು. ಏರುವ ಬೆಲೆಯ ಪಾಲು ಎಲ್ಲರಿಗೂ ಎಂದ ಯೋಜನೆ ನೆಲದ ಒಡೆಯನನ್ನೇ ಮೊದಲಿಗೆ ಎಣಿಸಿರಲಿಲ್ಲ. ಇದನ್ನು ಕೊರಿಯಾ ಅಭಿಮಾನಿಗಳು ಹೇಳುವುದಿಲ್ಲ, ಹೇಳಬೇಕು.

ಬೇಲಾಪುರದಲ್ಲಿ 1983ರಿಂದ 86ರವರೆಗೆ ಅವರು ಕಟ್ಟಿದ ವಸತಿಯ ಬಗ್ಗೆಯೂ ಇಂಥದೇ ತಕರಾರು ಕೇಳುತ್ತದೆ. ಏಳೇಳು ಮನೆಗಳಿಗೆ ಎಂಟು ಮೀಟರು ಚೌಕದ ಒಂದು ಅಂಗಳ. ಅಂಥ ಮೂರು ಗುಂಪು ಸೇರಿದರೆ ಇಪ್ಪತ್ತೊಂದು ಮನೆಗಳ ನಡುವೆ ಇನ್ನೂ ದೊಡ್ಡ ಅಂಗಳ. ಬಡವನ ನಿವೇಶನ 45 ಚದರ ಮೀಟರು, ಉಳ್ಳವನದು 75. ಆದಾಯದ ಅಂತರ ಎಷ್ಟೇ ಇರಲಿ, ನೆಲದ ಅಂತರ ಅದಕ್ಕಿಂತ ಹೆಚ್ಚಬಾರದು. ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಳ್ಳುವಂತಿಲ್ಲ, ಯಾಕೆಂದರೆ ಕೈಯಲ್ಲಿ ಕಾಸು ಕೂಡಿದಾಗ ಯಾರನ್ನೂ ಕೇಳದೆ ಮನೆ ಬೆಳೆಸಿಕೊಳ್ಳಬೇಕು. ಈಗ ಹೋಗಿ ನೋಡಿದರೆ ಹಳೆಯ ಮನೆಗಳು ವಿರಳ. ಹಲವು ಜಾಗಗಳಲ್ಲಿ ಮೂರಂತಸ್ತಿನ ಕಾಂಕ್ರೀಟು ಎದ್ದಿದೆ. 'ನೋಡಿ, ಹಾಳಾಯಿತು' ಎಂದು ವಾಸ್ತುಶಿಲ್ಪದ ರಸಿಕರು ಮರುಗುತ್ತಾರೆ. ಹಾಳಾದದ್ದು ಅವರ ಫೋಟೋ. ಬೆಳೆಯಲೆಂದು ಕಟ್ಟಿದ ಮನೆ ಬೆಳೆದಿದೆ. ಅಂಗಳಗಳು ಇನ್ನೂ ಅಂಗಳಗಳಾಗಿಯೇ ಇವೆ, ಮಕ್ಕಳು ಆಡುತ್ತಾರೆ. ಮರುಗಬೇಕಾದ ಸಂಗತಿ ಬೇರೆ: ಸುತ್ತಲಿನ ನಗರದಲ್ಲಿ ಇಂಥದನ್ನು ಮತ್ತೆ ಕಟ್ಟದೇ ಇದ್ದದ್ದರಿಂದ ಇದ್ದೊಂದು ತುಣುಕಿನ ಬೆಲೆ ಗಗನಕ್ಕೇರಿತು. ಬಡವರಿಗೆಂದು ಹಾಕಿದ ನಿವೇಶನ ಉಳ್ಳವರ ಬಂಗಲೆಯಾಯಿತು.

ಮುಂಬಯಿ ಕನ್ನಡಿಗರು ಅಷ್ಟಾಗಿ ಗಮನಿಸದ ಅವರ ಇನ್ನೊಂದು ಪ್ರಸ್ತಾವವಿದೆ. ಕೋಟೆ ಪ್ರದೇಶದ ಪಾದಚಾರಿ ದಾರಿಯ ಅಂಚಿಗೆ ಸುಮಾರು ಎರಡು ಮೀಟರು ಅಗಲ, ಅರ್ಧ ಮೀಟರು ಎತ್ತರದ ಕಟ್ಟೆಗಳನ್ನು ಸಾಲಾಗಿ ಕಟ್ಟುವುದು, ಅಲ್ಲಲ್ಲಿ ನಲ್ಲಿ. ಹಗಲು ಅಲ್ಲಿ ಬೀದಿ ವ್ಯಾಪಾರಿಗಳು ಕೂರಲಿ, ಸಂಜೆ ನೀರು ಹಾಕಿ ತೊಳೆಯಲಿ, ರಾತ್ರಿ ಮನೆಯಿಲ್ಲದವರು ಮಲಗಲಿ. ಅಷ್ಟೇ. ಈ ನಗರದಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೋಟೆಯ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ರಾತ್ರಿ ಹೋಟೆಲಿನ ಬೆಂಚಿನ ಮೇಲೋ ಹೊರಗಿನ ಮೆಟ್ಟಿಲ ಮೇಲೋ ಮಲಗಿದ ನಮ್ಮ ಹುಡುಗರ ಒಂದು ಇಡೀ ಪೀಳಿಗೆ ಇತ್ತು. ಅವರ ದುಡಿಮೆಯ ಕಥೆಯನ್ನು ನಾವು ವಾರ್ಷಿಕೋತ್ಸವದ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅಂಥ ಒಬ್ಬ ಹುಡುಗನಿಗೆ ಒಂದು ಕಟ್ಟೆ, ಒಂದು ನಲ್ಲಿ ನಗರದ ಕರ್ತವ್ಯ ಎಂದು ಲೆಕ್ಕ ಹಾಕಿ, ಅಳತೆ ಬರೆದು ಕೊಟ್ಟ ವಾಸ್ತುಶಿಲ್ಪಿಯ ಹೆಸರನ್ನು ಆ ಭಾಷಣಗಳಲ್ಲಿ ನಾನು ಕೇಳಿಲ್ಲ. ಕಟ್ಟೆ ಕಟ್ಟಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವರದಿಗಳನ್ನು ಕೊಲ್ಲುವ ಬಗೆ ನನ್ನ ವೃತ್ತಿಯ ಒಳಗುಟ್ಟು. ಯಾವ ವರದಿಯನ್ನೂ ತಿರಸ್ಕರಿಸುವುದಿಲ್ಲ. ಸ್ವಾಗತಿಸುತ್ತೇವೆ, ಅಭಿಪ್ರಾಯಕ್ಕಾಗಿ ಸಂಬಂಧಪಟ್ಟ ಇಲಾಖೆಗಳಿಗೆ ಕಳಿಸುತ್ತೇವೆ, ಬಂದ ಅಭಿಪ್ರಾಯಗಳ ಮೇಲೆ ಅಭಿಪ್ರಾಯ ಕೇಳುತ್ತೇವೆ. 1985ರಲ್ಲಿ ರಾಜೀವ್ ಗಾಂಧಿ ಸರಕಾರ ರಾಷ್ಟ್ರೀಯ ನಗರೀಕರಣ ಆಯೋಗ ನೇಮಿಸಿ ಕೊರಿಯಾ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. 1988ರಲ್ಲಿ ಬಂದ ವರದಿಯ ಮುಖ್ಯ ಸಲಹೆ ಮಹಾನಗರಗಳ ಬೆನ್ನು ಮುರಿಯುವ ಮೊದಲೇ ಸಣ್ಣ, ಮಧ್ಯಮ ಊರುಗಳಲ್ಲಿ ಬಂಡವಾಳ ಹೂಡಿ ಎಂಬುದು. ಬೆಳೆಯಬಲ್ಲ 329 ಊರುಗಳನ್ನು, 49 ಪ್ರದೇಶಗಳನ್ನು ಗುರುತಿಸಿಯೂ ಕೊಟ್ಟಿತ್ತು. ಹುಬ್ಬಳ್ಳಿ, ವಿಜಯಪುರ, ಕಲಬುರಗಿ, ಕಾರವಾರಗಳಿಂದ ಕೆಲಸ ಹುಡುಕಿಕೊಂಡು ಹೊರನಾಡಿಗೆ ಬಂದು, ಬಾಡಿಗೆ ಕೋಣೆಯಲ್ಲಿ ಕೂತು ಊರಿನ ಮಳೆಯ ಬಗ್ಗೆ ಕವಿತೆ ಬರೆಯುವ ನಮ್ಮಂಥವರ ಕುರಿತ ವರದಿ ಅದು. ಊರಿನಲ್ಲೇ ಕೆಲಸವಿದ್ದಿದ್ದರೆ ಬರುತ್ತಿದ್ದೆವೇ ಎಂಬ ಪ್ರಶ್ನೆಯನ್ನು ನಾವು ಭಾವುಕವಾಗಿ ಕೇಳಿದ್ದೇವೆ. ಕೊರಿಯಾ ಆಯೋಗ ಅದನ್ನು ಆಡಳಿತದ ಪ್ರಶ್ನೆಯಾಗಿ ಕೇಳಿತ್ತು.

ಎರಡನೆಯ ಕಡತ ಗಿರಣಿಗಳದು. 1982ರ ಮುಷ್ಕರದ ನಂತರ ನೆಲಕಚ್ಚಿದ ಮುಂಬಯಿ ಬಟ್ಟೆ ಗಿರಣಿಗಳ ಕೈಯಲ್ಲಿ ನಗರದ ನಟ್ಟನಡುವೆ ಸುಮಾರು 600 ಎಕರೆ ಇತ್ತು. ಅದರ ದೊಡ್ಡ ಪಾಲು ಕೇಂದ್ರ ಸರಕಾರದ ರಾಷ್ಟ್ರೀಯ ಜವಳಿ ನಿಗಮದ್ದು. 1991ರ ನಿಯಮದಂತೆ ಅಭಿವೃದ್ಧಿಗೆ ಬಂದ ನೆಲದ ಮೂರನೆಯ ಒಂದು ಭಾಗ ಬಯಲಿಗೆ, ಇನ್ನೊಂದು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕನಿಗೆ. 1996ರಲ್ಲಿ ರಾಜ್ಯ ಸರಕಾರ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿ ಕೊರಿಯಾ ಗಿರಣಿಗಳನ್ನು ಬಿಡಿಬಿಡಿಯಾಗಿ ಅಲ್ಲ, ಒಟ್ಟಾಗಿ ಯೋಜಿಸಿ ಎಂದರು. 2001ರಲ್ಲಿ ನಿಯಮಕ್ಕೊಂದು ಚಿಕ್ಕ ತಿದ್ದುಪಡಿ ಬಂತು: ಹಂಚಬೇಕಾದದ್ದು ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ. ಗಿರಣಿಯ ನೆಲದಲ್ಲಿ ಖಾಲಿ ಜಾಗ ಎಷ್ಟಿರುತ್ತದೆ? ಜನರ ಪಾಲು ಕರಗಿಹೋಯಿತು. ಹೈಕೋರ್ಟ್ ಅಡ್ಡ ನಿಂತಿತು, 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪರೇಲಿನ ಸುತ್ತ ಗಾಜಿನ ಗೋಪುರಗಳು ಎದ್ದವು. ಅವುಗಳಲ್ಲಿ ಕೆಲವಕ್ಕೆ ಹಸಿರು ಫಲಕವೂ ಸಿಕ್ಕಿರಬಹುದು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಆ ಗೋಪುರಗಳ ಕಡೆಗೆ ಹೋಗುವವರ ನೂಕುನುಗ್ಗಲಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ 23 ಮಂದಿ ಸತ್ತರು. ಗಿರಣಿಯಿದ್ದಲ್ಲಿ ಕಚೇರಿ ಬಂದಿತ್ತು, ಸೇತುವೆ ಹಳೆಯದೇ ಇತ್ತು. ಒಂದೊಂದು ಕಟ್ಟಡವನ್ನು ಬಿಡಿಯಾಗಿ ಅಳೆಯುವ ನಕ್ಷತ್ರಗಳ ಲೆಕ್ಕದಲ್ಲಿ ಆ ಸೇತುವೆ ಎಲ್ಲಿ ಬರುತ್ತದೆ?

ಕೊರಿಯಾ ತಮ್ಮ ಆರು ಸಾವಿರಕ್ಕೂ ಹೆಚ್ಚು ನಕ್ಷೆಗಳ ಸಂಗ್ರಹವನ್ನು 2013ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಟಿಗೆ ಕೊಟ್ಟರು. ಗೋವಾದಲ್ಲಿ ಅವರೇ ಕಟ್ಟಿದ ಕಲಾ ಅಕಾಡೆಮಿಯ ಬಯಲು ರಂಗಮಂದಿರದ ಮಾಡು, ದುರಸ್ತಿ ನಡೆಯುತ್ತಿದ್ದಾಗಲೇ, 2023ರ ಜುಲೈಯಲ್ಲಿ ಕುಸಿದುಬಿತ್ತು. ನಕ್ಷೆ ಅಲ್ಲಿಗೆ, ಅವಶೇಷ ಇಲ್ಲಿಗೆ.

ನಮ್ಮ ಪಾಲಿನದನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಹಿಡಿಸದು. ಹೊರನಾಡಿನಲ್ಲಿ ನಾವು ಕಟ್ಟಿಕೊಂಡ, ಕಟ್ಟಿಕೊಳ್ಳುತ್ತಿರುವ ಸಂಘದ ಭವನಗಳು ಹೇಗಿವೆ? ಹೊರಗೆ ಗಾಜು, ಒಳಗೆ ಕಿಟಕಿಯಿಲ್ಲದ ಹವಾನಿಯಂತ್ರಿತ ಸಭಾಂಗಣ, ಮದುವೆಗೆ ಬಾಡಿಗೆ, ಅಂಗಳವಿದ್ದಲ್ಲಿ ಕಾರು ನಿಲುಗಡೆ. ಇಪ್ಪತ್ತು ಜನ ಕೂತು ಪುಸ್ತಕ ಓದಲು ಅಷ್ಟು ದೊಡ್ಡ ಹವಾನಿಯಂತ್ರಕ ಓಡಿಸಬೇಕೆಂಬ ಕಾರಣಕ್ಕೆ ಸಾಹಿತ್ಯದ ಕಾರ್ಯಕ್ರಮಗಳು ಯಾರದೋ ಮನೆಯ ಹಾಲ್‌ಗೆ ಸರಿದಿವೆ. ಜಗಲಿ, ತೊಟ್ಟಿ, ಅಂಗಳಗಳ ಬಗ್ಗೆ ಲಲಿತ ಪ್ರಬಂಧ ಬರೆಯುವವರು ನಾವೇ, ಕಟ್ಟಡ ಸಮಿತಿಯಲ್ಲಿ ಕೂತು ಅವನ್ನು ನಕ್ಷೆಯಿಂದ ಹೊಡೆದುಹಾಕುವವರೂ ನಾವೇ. ನಮ್ಮಲ್ಲಿ ಎರಡು ಊರುಗಳಲ್ಲಾದರೂ ಈ ವರ್ಷ ಹೊಸ ಭವನದ ನಿಧಿಸಂಗ್ರಹ ನಡೆದಿದೆ, ರಶೀದಿ ಪುಸ್ತಕಗಳು ನನ್ನ ಕೈಗೂ ಬಂದಿವೆ. ಚಂದಾ ಕೊಡುವ ಮೊದಲು ನಾನು ನಕ್ಷೆಯನ್ನು ಕೇಳಿದ್ದೇನೆ: ಪಶ್ಚಿಮದ ಗೋಡೆಗೆ ಏನಿದೆ, ಕಿಟಕಿ ತೆರೆಯುತ್ತದೆಯೇ, ಕೆಲಸ ಮಾಡಲು ಬರುವ ಕಾವಲುಗಾರನೂ ಅಡುಗೆಯವರೂ ಮಧ್ಯಾಹ್ನ ಕೂರಲು ನೆರಳೆಲ್ಲಿದೆ. ಒಂದೂರಿನಿಂದ ಉತ್ತರ ಬಂದಿಲ್ಲ. ಇನ್ನೊಂದೂರಿನವರು, ನಕ್ಷೆ ಆಗಲೇ ಮಂಜೂರಾಗಿದೆ, ಭವನಕ್ಕೆ ಹಸಿರು ಪ್ರಮಾಣಪತ್ರವೂ ಸಿಗಲಿದೆ ಎಂದು ಬರೆದಿದ್ದಾರೆ.